ಮುಟ್ಟಬೇಡಿ ಎಂಬ ಎರಡು ಮಾತು



ಇಂದಿನ ಧಮ್ಮ ಚಿಂತನೆ ಬರೆಯುವ ಪಾಳಿ ನನ್ನದು. ವಿಷಯ ಒಂದು ಪ್ರಶ್ನೆ. "ಮುಟ್ಟಬೇಡ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದು ಯಾವಾಗಲೂ ಅಧಮ್ಮವೇ? ನಮ್ಮಲ್ಲಿ ಯಾರನ್ನು ಕೇಳಿದರೂ ಹೌದು ಎನ್ನುತ್ತಾರೆ. ಆ ಮಾತು ಕೇಳಿ ಕೇಳಿ ಬೆಳೆದ ಜನ ನಾವು. ಆದರೆ ಈ ಪ್ರಶ್ನೆ ಎತ್ತಿದ್ದು ನಾನಲ್ಲ, ನನ್ನ ಅಣ್ಣನ ಮಗ, ಪಿಯುಸಿ ಎರಡನೇ ವರ್ಷದ ಹುಡುಗ. ಅವನು ಕೇಳಿದ್ದು ಅರಬ್ಬೀ ಸಮುದ್ರದ ನಡುವೆ, ಬೋಟಿನ ಮೇಲೆ ಕುಳಿತು, ಮೈಯಿಂದ ಉಪ್ಪುನೀರು ಸೋರುತ್ತಿರುವಾಗ.

ಕಳೆದ ರಜೆಯಲ್ಲಿ ಅಣ್ಣ, ವೈನಿ, ಹುಡುಗ, ನಾನು, ಹೀಗೆ ನಾಲ್ಕು ಜನ ಕಕ್ಕೇರಾದಿಂದ ಹೊರಟು ಲಿಂಗಸುಗೂರು, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿಗೆ ಹೋದವರೆಲ್ಲ 123 ಅಡಿಯ ಶಿವನ ಮೂರ್ತಿ ನೋಡಲು ಹೋಗುತ್ತಾರೆ. ನಾವು ಹೋದದ್ದು ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ಇರುವ ನೇತ್ರಾಣಿ ದ್ವೀಪಕ್ಕೆ, ಸ್ಕೂಬಾ ಡೈವಿಂಗ್ ಮಾಡಲು. ಇದು ಹುಡುಗನ ಹಟ. ಅಪ್ಪು ಅಲ್ಲಿ ನೀರಿಗೆ ಇಳಿದದ್ದನ್ನು 'ಗಂಧದ ಗುಡಿ'ಯಲ್ಲಿ ನೋಡಿದ್ದ, 2022ರಿಂದ ಅದೇ ಜಪ. ಬೋಟಿನಲ್ಲಿ ಒಂದು ತಾಸಿನ ಮೇಲಾದ ಮೇಲೆ ದ್ವೀಪ ಕಂಡಾಗ ವೈನಿ, "ನಮ್ಮ ಶಹಾಪುರದ ಬುದ್ಧ ಮಲಗಿದ ಬೆಟ್ಟದ್ಹಂಗೇ ಅದ ನೋಡು" ಅಂದರು. ಅಷ್ಟೇನೂ ಇರಲಿಲ್ಲ. ಬೆಟ್ಟ ಕಂಡಲ್ಲೆಲ್ಲ ಅದನ್ನೇ ಹುಡುಕುವುದು ನಮ್ಮ ಕಡೆಯವರ ಅಭ್ಯಾಸ.

ಇಷ್ಟು ದುಡ್ಡು ಸುರಿದು ಮೋಜು ಮಾಡುವುದು ಉಪಾಸಕರಿಗೆ ಸರಿಯೇ ಎಂದು ಬಳಗದಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಬಡತನವನ್ನು ಪವಿತ್ರ ಮಾಡುವ ಧರ್ಮ ಬೇಡ ಎಂದು ಬಾಬಾಸಾಹೇಬರು 1950ರಲ್ಲೇ ಮಹಾಬೋಧಿ ಪತ್ರಿಕೆಯಲ್ಲಿ ಬರೆದಿದ್ದಾರೆ. ದುಡಿದು ಗಳಿಸಿದ್ದನ್ನು ಅನುಭವಿಸುವುದೂ ಗೃಹಸ್ಥನ ನಾಲ್ಕು ಸುಖಗಳಲ್ಲಿ ಒಂದು, ಸಾಲವಿಲ್ಲದಿರುವುದು ಇನ್ನೊಂದು ಎಂದು ತಥಾಗತರು ಅನಾಥಪಿಂಡಿಕನಿಗೆ ಹೇಳಿದ್ದಾರೆ. ನಾವು ಸಾಲ ಮಾಡಿ ಹೋಗಿರಲಿಲ್ಲ. ಮುಂದೆ ಹೋಗೋಣ.

ನೀರಿಗಿಳಿಯುವ ಮೊದಲು ಒಂದು ಅರ್ಜಿ ತುಂಬಿಸಿಕೊಂಡರು. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿಯ ಆಪರೇಷನ್ ಆಗಿದೆಯೇ, ಗರ್ಭಿಣಿಯೇ. ಒಂದೊಂದು ಪ್ರಶ್ನೆಗೂ ಕಾರಣವಿದೆ. ಈಜು ಬರುತ್ತದೆಯೇ ಎಂದೂ ಕೇಳಿದರು. ನಾಲ್ಕೂ ಜನ ಇಲ್ಲ ಎಂದೆವು. ಪಕ್ಕದಲ್ಲಿ ಕುಳಿತ ಬೆಂಗಳೂರಿನ ಕುಟುಂಬದ ಆರು ವರ್ಷದ ಮಗುವಿಗೂ ಈಜು ಬರುತ್ತಿತ್ತು. ಕೃಷ್ಣೆಯ ಮಗ್ಗುಲಲ್ಲಿ, ನಾರಾಯಣಪುರ ಡ್ಯಾಮಿನ ನೆರಳಲ್ಲಿ ಬದುಕುವ ನಮಗೆ ಯಾಕೆ ಬರುವುದಿಲ್ಲ? ನಮ್ಮ ಕಡೆ ಹುಡುಗರು ಈಜು ಕಲಿಯುತ್ತಿದ್ದದ್ದು ಹೊಲದ ಬಾವಿಗಳಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಡಬ್ಬಿಯನ್ನೋ ಕಟ್ಟಿಕೊಂಡು. ಯಾರ ಬಾವಿ ಅವು? ಕೊಡ ಇಳಿಸಲು ಬಿಡದ ಬಾವಿಗೆ ಮೈ ಇಳಿಸಲು ಬಿಡುತ್ತಾರೆಯೇ? ಹೆಣ್ಣುಮಕ್ಕಳ ಮಾತಂತೂ ಎತ್ತುವುದೇ ಬೇಡ. ಈಜು ಬಾರದ ಮೈಯೂ ಒಂದು ಇತಿಹಾಸದ ಪುಸ್ತಕವೇ. ಈಜು ಬಾರದಿದ್ದರೂ ಪರವಾಗಿಲ್ಲ, ಒಬ್ಬೊಬ್ಬರ ಜೊತೆ ಒಬ್ಬ ತರಬೇತಿದಾರ ಇರುತ್ತಾನೆ, ಹನ್ನೆರಡು ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ ಎಂದು ಧೈರ್ಯ ಹೇಳಿದರು.

ಆಮೇಲೆ ಬಾಯಿಗೆ ರೆಗ್ಯುಲೇಟರ್ ಇಟ್ಟರು. ಸಿಲಿಂಡರಿನ ಗಾಳಿ ಅದರ ಮೂಲಕವೇ ಬರಬೇಕು, ಅದರ ರಬ್ಬರ್ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ನನಗಿಂತ ಮೊದಲು ಅದನ್ನು ಕಚ್ಚಿದವರು ಯಾರೋ, ನನ್ನ ನಂತರ ಕಚ್ಚುವವರು ಯಾರೋ. ಔಷಧದ ನೀರಿನಲ್ಲಿ ಅದ್ದಿ ತೊಳೆದು ಕೊಡುತ್ತಾರೆ, ಅಷ್ಟೇ ಶುದ್ಧೀಕರಣ. ಚಹಾದಂಗಡಿಯ ಹೊರಗೆ ನಮಗಾಗಿ ಬೇರೆ ಇಟ್ಟಿರುತ್ತಿದ್ದ ಗ್ಲಾಸು ಆ ಕ್ಷಣ ನೆನಪಾಯಿತು. ಅಣ್ಣನಿಗೂ ನೆನಪಾಗಿರಬೇಕು. ಕಚ್ಚುವ ಮೊದಲು ನನ್ನ ಮುಖ ನೋಡಿ ನಕ್ಕ.

ಎರಡು ನಿಯಮ ಹೇಳಿಕೊಟ್ಟರು. ಉಸಿರು ಹಿಡಿಯಬೇಡಿ, ಆಡುತ್ತಲೇ ಇರಿ. ಎರಡನೆಯದು, "ಕೆಳಗೆ ಯಾವುದನ್ನೂ ಮುಟ್ಟಬೇಡಿ ಮಾರಾಯ್ರೆ. ಕಲ್ಲು ಅಂತ ಕಾಣ್ತದೆ, ಕಲ್ಲಲ್ಲ."

ನೀರೊಳಗಿನ ಇಪ್ಪತ್ತು ನಿಮಿಷವನ್ನು ಹೇಗೆ ಹೇಳಲಿ. ಇಳಿಯುತ್ತಿದ್ದ ಹಾಗೆ ಕಿವಿ ಒತ್ತಿಕೊಂಡು ನೋಯುತ್ತದೆ, ಮೂಗು ಹಿಡಿದು ಮೆಲ್ಲಗೆ ಗಾಳಿ ತಳ್ಳಬೇಕು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿ ಇದ್ದುದರ ಎರಡರಷ್ಟಾಗುತ್ತದೆ. ದಿನಾ ಬೆಳಿಗ್ಗೆ ಆನಾಪಾನಕ್ಕೆ ಕೂರುವವಳು ನಾನು. ನನ್ನ ಉಸಿರು ಹೀಗೆ ಗೊರಗೊರ ಸದ್ದಾಗಿ, ಗುಳ್ಳೆಗಳಾಗಿ ಹೊರಗೆ ಹೋಗುವುದನ್ನು ಕಂಡದ್ದು ಅದೇ ಮೊದಲು. ನೀರು ಮೊದಲು ಕೆಂಪನ್ನು ನುಂಗುತ್ತದೆ. ವೈನಿಯ ಕೆಂಪು ಬಳೆ ಕಂದಾಯಿತು. ಕೊನೆಗೆ ಉಳಿಯುವುದು ನೀಲಿ, ಎಲ್ಲಿ ನೋಡಿದರೂ ನೀಲಿ. ಜೈ ಭೀಮ್ ಅನ್ನಬೇಕು ಅನ್ನಿಸಿತು, ಬಾಯಲ್ಲಿ ರಬ್ಬರ್ ಇತ್ತು. ತರಬೇತಿದಾರ ಆಗಾಗ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ "ಸರಿ ಇದ್ದೀರಾ" ಎಂದು ಕೇಳುತ್ತಿದ್ದ, ಬುದ್ಧನ ಬೋಧನೆಯ ಮುದ್ರೆಯ ಹಾಗೆಯೇ. ನಾನೂ ಅದೇ ಮುದ್ರೆ ತೋರಿಸುತ್ತಿದ್ದೆ. ಗಿಣಿಯಂಥ ಕೊಕ್ಕಿನ ಮೀನುಗಳು ಬಂಡೆಯನ್ನು ಕೆರೆದು ತಿನ್ನುತ್ತಿದ್ದವು.

ಆಗಲೇ ಅದು ನಡೆದದ್ದು. ನನ್ನ ಮುಂದಿದ್ದ ಹುಡುಗ ಹವಳದ ದಿಬ್ಬದ ಕಡೆ ಕೈ ಚಾಚಿದ. ಅವನ ಜೊತೆಗಿದ್ದ ತರಬೇತಿದಾರ ಆ ಕೈಯನ್ನು ಮಣಿಕಟ್ಟಿನಲ್ಲಿ ಗಕ್ಕನೆ ಹಿಡಿದು ಎಳೆದ. ಮೆತ್ತಗೆ ಹಿಡಿಯಲಿಲ್ಲ. ಬೋಟಿಗೆ ಬಂದ ಮೇಲೆ ಎಲ್ಲರ ಮುಂದೆ ಬೈದ ಕೂಡ.

ಹುಡುಗ ಸುಮ್ಮನೆ ಕುಳಿತ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿ, ಇಷ್ಟು ದೂರ ಬಂದು ಸಮುದ್ರದ ತಳಕ್ಕ ಹ್ವಾದ್ರೂ ನಮಗ ಮುಟ್ಟಬ್ಯಾಡ ಅನ್ನೋದೇ ಏನು? ಇದಕ್ಕೂ ಅದಕ್ಕೂ ಏನ್ ಫರಕ್?" ಅಂದ.

ನಾನು ವಿಜ್ಞಾನ ಕಲಿಸುವವಳು, ಪಾಠ ಶುರು ಮಾಡಿದೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪುಟ್ಟ ಪ್ರಾಣಿಗಳು ಗೋಡೆಗೆ ಗೋಡೆ ಹತ್ತಿಸಿ ಸುಣ್ಣದ ಮನೆ ಕಟ್ಟಿಕೊಂಡಿರುವ ಕೇರಿ ಅದು. ಒಂದು ಬೆರಳಿನಷ್ಟು ಬೆಳೆಯಲು ಕೆಲವು ಜಾತಿಯ ಹವಳಕ್ಕೆ ವರ್ಷಗಟ್ಟಲೆ ಬೇಕು. ಮೈಮೇಲೆ ತೆಳ್ಳಗಿನ ಲೋಳೆಯ ಪೊರೆ ಇರುತ್ತದೆ, ರೋಗ ತಡೆಯುವುದು ಅದೇ. ನಮ್ಮ ಕೈ ತಾಗಿದರೆ ಪೊರೆ ಕಿತ್ತು ಬರುತ್ತದೆ. ಮೈಯೊಳಗೆ ಪಾಚಿಯಂಥ ಸೂಕ್ಷ್ಮ ಸಸ್ಯಗಳಿಗೆ ಜಾಗ ಕೊಟ್ಟಿರುತ್ತದೆ, ಅವು ಬಿಸಿಲಿನಿಂದ ಅನ್ನ ಮಾಡಿ ಹವಳಕ್ಕೂ ಉಣಿಸುತ್ತವೆ. ಸಮುದ್ರ ಬಿಸಿಯಾದರೆ ಈ ಸಂಸಾರ ಮುರಿದು ಹವಳ ಬೆಳ್ಳಗೆ ಬಿಳಿಚುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಜಗತ್ತಿನ ಅನೇಕ ಸಮುದ್ರಗಳಲ್ಲಿ ಹಾಗಾಗಿದೆ. ಮೊದಲೇ ಕಷ್ಟದಲ್ಲಿರುವ ಜೀವ, ಉಳಿಸಲಿಕ್ಕೆ ಮುಟ್ಟಬೇಡ ಅಂದರು ಎಂದೆ.

ಅವನು ಕೇಳಿದ, "ಅವರೂ ಹಂಗೇ ಅಂತಿದ್ರಲ್ಲ ಅತ್ತಿ? ನೀರು ಕೆಡ್ತದ, ದೇವ್ರಿಗಿ ಮೈಲಿಗಿ ಆಗ್ತದ ಅಂತ. ಎಲ್ಲಾರೂ ಏನೋ ಒಂದು ಉಳಿಸ್ಲಿಕ್ಕೇ ಮುಟ್ಟಬ್ಯಾಡ ಅಂತಾರ."

ಬಂಧುಗಳೇ, ಈ ಮಾತಿಗೆ ಅಣ್ಣನೂ ನಾನೂ ಬೋಟು ದಡ ಮುಟ್ಟುವವರೆಗೆ ಉತ್ತರ ಹುಡುಕಿದೆವು. ದಡದಲ್ಲಿಯೂ ಪೂರ್ತಿ ಸಿಗಲಿಲ್ಲ. ಊರಿಗೆ ಬಂದು ಪುಸ್ತಕ ತೆಗೆದೆ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನಮ್ಮಲ್ಲಿ ಬಹಳ ಜನ ಓದಿದ್ದೀರಿ. ಅದರಲ್ಲಿ 1934ರ ದೌಲತಾಬಾದ್ ಕೋಟೆಯ ಪ್ರಸಂಗ ಬರುತ್ತದೆ. ಆಗ ದೌಲತಾಬಾದ್ ನಿಜಾಮನ ಹೈದರಾಬಾದ್ ಸಂಸ್ಥಾನದ್ದು, ನಮ್ಮ ಸುರಪುರವೂ ಅದೇ ಸಂಸ್ಥಾನದ್ದು. ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಚಳವಳಿಯ ಸಂಗಡಿಗರ ಜೊತೆ ಹೊರಟ ಬಾಬಾಸಾಹೇಬರು ದಾರಿಯಲ್ಲಿ ಕೋಟೆ ನೋಡಲು ನಿಂತರು. ರಮಜಾನ್ ತಿಂಗಳು. ಬಾಗಿಲಿನ ಹತ್ತಿರ ತುಂಬಿದ ಪುಟ್ಟ ಹೊಂಡ. ಪ್ರಯಾಣದ ಧೂಳು ಇತ್ತು, ಮುಖ ಕಾಲು ತೊಳೆದರು. ನೀರು ಮೈಲಿಗೆ ಮಾಡಿದರು ಎಂದು ಜನ ಸೇರಿ ಕೂಗಾಡಿದರು. ಅಸ್ಪೃಶ್ಯನೊಬ್ಬ ನಿಮ್ಮ ಧರ್ಮಕ್ಕೆ ಸೇರಿದರೆ ಆಗಲೂ ಅವನನ್ನು ಈ ನೀರಿನಿಂದ ತಡೆಯುತ್ತೀರಾ ಎಂದು ಬಾಬಾಸಾಹೇಬರು ಕೇಳಿದಾಗ ಜನ ತಣ್ಣಗಾದರು. ಕಡೆಗೆ ಒಳಗೆ ಬಿಟ್ಟರು, ಆದರೆ ಕೋಟೆಯಲ್ಲಿ ಎಲ್ಲಿಯೂ ನೀರು ಮುಟ್ಟಕೂಡದು ಎಂಬ ಷರತ್ತಿನ ಮೇಲೆ. ಮುಟ್ಟದಂತೆ ನೋಡಿಕೊಳ್ಳಲು ಒಬ್ಬ ಶಸ್ತ್ರಧಾರಿ ಸಿಪಾಯಿಯನ್ನು ಜೊತೆಗೆ ಕಳಿಸಿದರು.

ಮುಟ್ಟದಂತೆ ಕಾಯಲು ಜೊತೆಗೊಬ್ಬ ಮನುಷ್ಯ. ದೌಲತಾಬಾದಿನಲ್ಲಿಯೂ ಹಾಗೆ, ನೇತ್ರಾಣಿಯಲ್ಲಿಯೂ ಹಾಗೆ. ಮೇಲಿನಿಂದ ನೋಡಿದರೆ ಹುಡುಗ ಹೇಳಿದ್ದು ನಿಜ, ಎರಡೂ ಒಂದೇ ಕಾಣುತ್ತವೆ.

ಮೊದಲ ಫರಕ್ ಹೇಳುವುದು ಸುಲಭ. ಧಮ್ಮ ಬಂದು ನೋಡು ಎನ್ನುತ್ತದೆ, ಎಹಿಪಸ್ಸಿಕೊ. ಹವಳದ ಗಾಯವನ್ನು ಹೋಗಿ ನೋಡಬಹುದು, ಯಾರ ಕೈ ತಾಗಿದರೂ ಆಗುವ ಗಾಯ ಅದು. ನೀರಿನ ಮೈಲಿಗೆಯನ್ನು ಯಾರು ಕಂಡಿದ್ದಾರೆ? ಸಾರ್ವಜನಿಕ ಕೆರೆಗಳನ್ನು ಎಲ್ಲರಿಗೂ ತೆರೆಯಬೇಕೆಂಬ ಬೋಲೆಯವರ ಠರಾವು ಮುಂಬೈ ಶಾಸನ ಪರಿಷತ್ತಿನಲ್ಲಿ ಆದದ್ದು 1923ರಲ್ಲಿ. ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ತೆರೆದಿದೆ ಎಂದು 1924ರಲ್ಲಿ ಕಾಗದದಲ್ಲಿ ಬರೆಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆಯಲ್ಲಿ ಆ ನೀರು ಕುಡಿದರು. ಆಮೇಲೆ ಊರವರು ಶುದ್ಧಿ ಮಾಡುತ್ತೇವೆ ಎಂದು ಅದೇ ಕೆರೆಗೆ ಕೊಡಗಟ್ಟಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದರು. ಮನುಷ್ಯರ ಕೈಯಿಂದ ಕೆಡದ ನೀರು ಶುದ್ಧಿಯಿಂದ ಕೆಟ್ಟಿತು. ಆ ನೀರಿನ ಹಕ್ಕಿನ ದಾವೆ ಹೈಕೋರ್ಟಿನಲ್ಲಿ ಮುಗಿಯಲು 1937 ಬರಬೇಕಾಯಿತು.

ಎರಡನೆಯದು, ನಿಯಮ ಯಾರ ಮೇಲೆ? ನೇತ್ರಾಣಿಯಲ್ಲಿ ಬೆಂಗಳೂರಿನ ಸಾಹುಕಾರರಿಗೂ ನಮಗೂ ಒಂದೇ ಮಾತು. ಹೇಳಿದವನೂ ಹವಳ ಮುಟ್ಟಲಿಲ್ಲ. ದೌಲತಾಬಾದಿನ ಸಿಪಾಯಿ ಬಾಯಾರಿದರೆ ಅದೇ ನೀರು ಕುಡಿಯುತ್ತಿದ್ದ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡರೆ, ಇನ್ನೊಂದು ಕಠಿಣ ಮಾತು ಉಳಿಯುತ್ತದೆ. ತಥಾಗತರು ಚೇತನವನ್ನೇ ಕಮ್ಮ ಎಂದರು. ಮಾಡುವವನ ಸಂಕಲ್ಪ ಏನು ಎಂಬುದೇ ಮುಖ್ಯ. ಹಾಗಾದರೆ ನನ್ನ ತಾಯಿ ಹೇಳುತ್ತಿದ್ದ ಒಬ್ಬ ಮುದುಕಿಯ ವಿಷಯ ಏನು ಮಾಡೋಣ? ನನ್ನ ತಾಯಿಯ ತವರಿನಲ್ಲಿ, ಕಳೆ ತೆಗೆಯಲು ಹೋದಾಗ, ಹೊಲದ ಒಡತಿ ಬಿಸಿಲೇರಿದ ಹೊತ್ತಿಗೆ ತಾನೇ ಕೊಡ ಹೊತ್ತು ಬರುತ್ತಿದ್ದಳಂತೆ. "ಬಾಯಾರ್ಯದೇನು ಮಗಳ, ಬಾ" ಎಂದು ಕರೆದು, ಕೊಡವನ್ನು ಎತ್ತರಕ್ಕೆ ಎತ್ತಿ, ಕೈ ತಾಗದ ಹಾಗೆ ಬೊಗಸೆಗೆ ಸುರಿಯುತ್ತಿದ್ದಳಂತೆ. ಅವಳ ದನಿಯಲ್ಲಿ ದ್ವೇಷ ಒಂದು ಹನಿ ಇರಲಿಲ್ಲ ಎಂದು ತಾಯಿ ಇಂದಿಗೂ ಹೇಳುತ್ತಾರೆ. ಅಂತಃಕರಣವೇ ಇತ್ತು. ಈ ಕಡೆ ನಮ್ಮ ತರಬೇತಿದಾರ ಹುಡುಗನ ಕೈ ಎಳೆದದ್ದು ಸಿಟ್ಟಿನಿಂದ, ಬೈದದ್ದು ಬಿರುಸಾಗಿ. ಆ ಮುದುಕಿಯ ಪ್ರೀತಿಯ ನೀರಿನಲ್ಲಿ ಹಿಂಸೆ ಇತ್ತು, ಇವನ ಒರಟು ಕೈಯಲ್ಲಿ ಮೈತ್ರಿ ಇತ್ತು. ಒಳ್ಳೆಯ ಮನಸ್ಸು ಒಂದೇ ಸಾಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಅಂಬಲಟ್ಠಿಕದಲ್ಲಿ ತಥಾಗತರು ರಾಹುಲನಿಗೆ ಮಾಡಿದ ಬೋಧೆ ಇಲ್ಲಿ ಕೈಹಿಡಿಯುತ್ತದೆ. ಕನ್ನಡಿ ಇರುವುದು ಯಾತಕ್ಕೆ ಎಂದು ಮಗನನ್ನು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ. ಹಾಗೆಯೇ ಕಾಯದಿಂದ, ಮಾತಿನಿಂದ, ಮನಸ್ಸಿನಿಂದ ಏನು ಮಾಡುವುದಿದ್ದರೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೆ ನೋವೇ, ಇನ್ನೊಬ್ಬರಿಗೆ ನೋವೇ ಎಂದು ನೋಡಿಕೊ ಎನ್ನುತ್ತಾರೆ. ನನ್ನ ಮನಸ್ಸು ಸ್ವಚ್ಛವಾಗಿದೆ ಎಂದು ಅಲ್ಲಿಗೇ ನಿಲ್ಲಿಸಲು ಬಿಡುವುದಿಲ್ಲ, ಇನ್ನೊಬ್ಬರ ಮೇಲೆ ಬಿದ್ದ ಪರಿಣಾಮವನ್ನೂ ಕನ್ನಡಿಯಲ್ಲಿ ನೋಡಬೇಕು. ಅಶೋಕ ಬೈರಾಟಿನ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಬೋಧೆಗಳಲ್ಲಿ ರಾಹುಲನ ಈ ಬೋಧೆಯೂ ಒಂದು. ನಮ್ಮ ಸನ್ನತಿ ಪಕ್ಕದ ಕನಗನಹಳ್ಳಿಯ ಕಲ್ಲಿನಲ್ಲಿ ಹೆಸರು ಹೊತ್ತು ನಿಂತಿದ್ದಾನಲ್ಲ, ಅದೇ ಅಶೋಕ.

ಆ ಮುದುಕಿ ಕೊಡ ಎತ್ತಿದಾಗ ಕೆಳಗೆ ಬೊಗಸೆ ಒಡ್ಡಿ ಬಗ್ಗಿದ ಹುಡುಗಿಯ ಮುಖವನ್ನು ನೋಡಲಿಲ್ಲ. ಅವಳು ಕೆಟ್ಟವಳಲ್ಲ. ನೋಡದೇ ಇರುವುದನ್ನು ಅವಳಿಗೆ ಕಲಿಸಲಾಗಿತ್ತು. ಜಾತಿ ಮನಸ್ಸಿನ ಒಂದು ಸ್ಥಿತಿ ಎಂದು ಬಾಬಾಸಾಹೇಬರು ಬರೆದದ್ದು ಇಂಥದ್ದಕ್ಕೇ ಎಂದು ನನಗೆ ತೋರುತ್ತದೆ. ದ್ವೇಷ ಇಲ್ಲದ ಮನಸ್ಸಿನಲ್ಲಿಯೂ ಅದು ಆರಾಮವಾಗಿ ಇರಬಲ್ಲದು. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಪ್ರಕೃತಿಯ ಕಥೆ ಇದೆ. ನೀರು ಕೇಳಿದ ಆನಂದನಿಗೆ ತಾನು ಚಂಡಾಲ ಕುಲದವಳು ಎಂದು ಅವಳೇ ಎಚ್ಚರಿಸುತ್ತಾಳೆ. ಅವಳಿಗೂ ಹಾಗೆಯೇ ಕಲಿಸಿದ್ದರು. ಆನಂದ ಕೇಳಿದ್ದು ನೀರನ್ನು, ಕುಲವನ್ನಲ್ಲ.

ಹಾಗೆಂದು ಉಳಿಸಲಿಕ್ಕೆ ಎಂದು ಹಾಕುವ ಎಲ್ಲ ಬೇಲಿಯನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಕಾಡು ಉಳಿಸುತ್ತೇವೆ ಎಂದು ಕಾಡಿನವರನ್ನೇ ಹೊರಗೆ ಹಾಕಿ ಪ್ರವಾಸಿಗರ ಜೀಪು ಒಳಗೆ ಬಿಡುವುದನ್ನು ನಮ್ಮ ರಾಜ್ಯದಲ್ಲೇ ಕಂಡಿದ್ದೇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ಹಕ್ಕನ್ನು ಕಾನೂನಿನಲ್ಲಿ ಬರೆಸಿಕೊಂಡದ್ದು 2011ರಲ್ಲಿ. ನಾಳೆ ನೇತ್ರಾಣಿಯಲ್ಲಿಯೂ ದುಡ್ಡು ಕೊಟ್ಟ ನಾವು ಇಳಿಯಬಹುದು, ಬಲೆ ಬೀಸುವ ಮೀನುಗಾರ ಮಾತ್ರ ದೂರ ಇರಬೇಕು ಎಂದರೆ, ಅಂದು ಹುಡುಗನ ಪ್ರಶ್ನೆಯನ್ನು ಮತ್ತೆ ಎತ್ತಬೇಕಾಗುತ್ತದೆ.

ಈಗ ನಮ್ಮ ಮನೆಗಳಿಗೆ ಬರೋಣ. ಕೆಲವರಿಗೆ ಬೇಸರವಾದರೂ ಬರೆಯುತ್ತೇನೆ. ನಮ್ಮ ಕೇರಿ ಕೇರಿಗಳ ನಡುವೆ ಇಂದಿಗೂ ಹೆಣ್ಣು ಕೊಟ್ಟು ತರುವುದಿಲ್ಲ. ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯಲು ಹಿಂದೆಮುಂದೆ ನೋಡುವ ಹಿರಿಯರು ಇನ್ನೂ ಇದ್ದಾರೆ. ಅಸ್ಪೃಶ್ಯತೆ ಅಳಿಸಿದ ಸಂವಿಧಾನದ 17ನೇ ವಿಧಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವರೂ ಇವರೇ. ನಮಗೆ ಮಾಡಿದರು ಎಂಬ ನೆನಪು ಇರುವವರಿಗೆ, ನಾವು ಮಾಡುತ್ತಿದ್ದೇವೆ ಎಂಬುದು ಕಾಣುವುದು ಇನ್ನೂ ಕಷ್ಟ.

ಮುಟ್ಟು ಎಂಬ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥ ಇರುವುದು ಎಲ್ಲರಿಗೂ ಗೊತ್ತು. ಆ ದಿನ ಬೋಟು ಹತ್ತುವ ಮೊದಲು ವೈನಿ ನನ್ನ ಕಿವಿಯಲ್ಲಿ, "ನಾ ಹೊರಗಾಗೀನಿ, ಇಳೀಬೋದೇನು?" ಎಂದು ಕೇಳಿದರು. ಅರ್ಜಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ, ಕಾರಣ ಇಲ್ಲದ ಪ್ರಶ್ನೆ ಅಲ್ಲಿ ಯಾವುದೂ ಇರಲಿಲ್ಲ. ಇಳಿದರು. ನಾಲ್ವರಲ್ಲಿ ಹೆಚ್ಚು ಹೊತ್ತು ಕೆಳಗಿದ್ದದ್ದು ಅವರೇ. ರಾತ್ರಿ ಫೋನಿನಲ್ಲಿ ನನ್ನ ತಾಯಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಷ್ಟು ದೊಡ್ಡ ನೀರಿಗಿ ಏನಾಗ್ತದ ಬಿಡು" ಅಂದರು ಕಡೆಗೆ. ನೀರು ದೊಡ್ಡದಿರಲಿ, ಮನೆಯ ಹಂಡೆಯಷ್ಟೇ ಇರಲಿ, ಆಗುವುದು ಏನೂ ಇಲ್ಲ ಎಂದು ನಾನು ಹೇಳಿದೆ. ಅದಕ್ಕೆ ಅವರು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂಬ ನಂಬಿಕೆಯೂ ಒಂದು. ಅವನ್ನು ಗಟ್ಟಿಯಾಗಿ ಓದಿ ದೀಕ್ಷೆ ಪಡೆದ ಮನೆಗಳಲ್ಲಿಯೂ ತಿಂಗಳಿಗೆ ಮೂರು ದಿನ ಮಗಳು ಬುದ್ಧನ ಫೋಟೋ ಇರುವ ಕೋಣೆಯ ಹೊರಗೆ ಕೂರುತ್ತಾಳೆ. ಅವಳ ತಟ್ಟೆ ಬೇರೆ, ಲೋಟ ಬೇರೆ. ಹೊರಗೆ ಕೂರಿಸುವ ತಾಯಿಯ ಮನಸ್ಸಿನಲ್ಲಿ ಮಗಳ ಮೇಲೆ ದ್ವೇಷ ಇದೆಯೇ? ಇಲ್ಲ. ಹೊಲದ ಆ ಮುದುಕಿಯ ಮನಸ್ಸಿನಲ್ಲಿಯೂ ಇರಲಿಲ್ಲ.

ಭಾನುವಾರ ಸಂಜೆ ಎಂದಿನಂತೆ ಸೇರೋಣ. ಅಂಬಲಟ್ಠಿಕ ರಾಹುಲೋವಾದ ಓದುವವರು ನಮ್ಮ ವೈನಿ. ಹುಡುಗನೂ ಬರುತ್ತಾನೆ, ಅವನಿಗೆ ನನ್ನ ಉತ್ತರ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಯಾವ ದಿನ ಎಂದು ಎಣಿಸದೆ ಕರೆದುಕೊಂಡು ಬನ್ನಿ.

ನಮೋ ಬುದ್ಧಾಯ. ಜೈ ಭೀಮ್.